ಒಂಬತ್ತನೇ ಬಾಟಲಿ

ಬಾಗಿಲ ಮುಂದಿನ ಕಾಲೊರಸು ಕಡುಗೆಂಪಾಗಿತ್ತು. ನಾನು ಅದನ್ನು ತುಳಿಯದೆ ಪಕ್ಕಕ್ಕೆ ನಿಂತು ಕರೆಗಂಟೆ ಒತ್ತಿದೆ.

ಗಂಟೆ ಮೂರು ಹತ್ತು. ಕಚೇರಿಯ ಕೌಂಟರು ನಾಲ್ಕಕ್ಕೆ ಮುಚ್ಚುತ್ತದೆ. ಮೂರು ಮಹಡಿ ಹತ್ತಿದ್ದಕ್ಕೆ ನನ್ನ ಎರಡು ಮಂಡಿಗಳೂ ಮುಷ್ಕರ ಹೂಡಿದ್ದವು. ಕೆಳಗೆ ಸ್ಕೂಟರಿನ ಮೇಲೆ ಕೂತ ನಮ್ಮವರು ಆಗಲೇ ಒಂದು ಸಲ ಹಾರ್ನ್ ಒತ್ತಿ ಆಗಿತ್ತು. ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಊರ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ ಮನುಷ್ಯನಿಗೆ ತಾನು ನಿಲ್ಲುವುದು ಮಾತ್ರ ಇವತ್ತಿಗೂ ಬರುವುದಿಲ್ಲ.

ಒಳಗಿನಿಂದ ಚಪ್ಪಲಿ ಎಳೆಯುವ ಸದ್ದು ಬಂತು. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ನಡುಗಿತು. ವಕೀಲರು.

“ಮೇಡಂ, ನನ್ನ ಮುಂದೆ ಏಳು ಜನ ಇದಾರೆ. ಕೊಡೋದಾ, ಬೇಡ್ವಾ?”

“ಸರದಿ ಬಂದ್ರೆ ಹಿಂದಿನೋರನ್ನ ಮುಂದೆ ಬಿಡಿ. ನಾನು ಹೇಳೋ ತನಕ ಅರ್ಜಿ ಕೈ ಬಿಡ್ಬೇಡಿ.”

“ನಾಲ್ಕು ಗಂಟೆ ಆದ್ರೆ ಆ ಕೌಂಟರಿನೋರು ಅವರಪ್ಪ ಬಂದ್ರೂ ತಗೊಳಲ್ಲ, ಮೇಡಂ.”

“ಗೊತ್ತು ವಕೀಲರೇ. ಅಂಥ ಕೌಂಟರಿನ ಆ ಕಡೆ ನಾನೂ ಕೂತಿದ್ದೆ.”

ಇವತ್ತು ಮೂವತ್ತನೇ ದಿನ. ನನ್ನ ತಂಗಿಯ ಗಿರಣಿಯ ಖಾರದ ಪುಡಿಯಲ್ಲಿ ಬಟ್ಟೆಗೆ ಹಾಕುವ ಬಣ್ಣ ಇದೆ ಎಂದು ಪ್ರಯೋಗಾಲಯದ ವರದಿ ಬಂದು ಮೂವತ್ತು ದಿನ. ಆ ಪುಡಿ ಹಾಕಿದ ಅಡುಗೆ ಉಂಡು ಒಂದು ಕಾರ್ಖಾನೆಯ ಹನ್ನೊಂದು ಜನ ಆಸ್ಪತ್ರೆ ಸೇರಿದ್ದರು. ಹತ್ತು ಜನ ಮನೆಗೆ ಬಂದರು. ಒಬ್ಬಳು ಇನ್ನೂ ಬಂದಿಲ್ಲ.

ವರದಿ ಒಪ್ಪದಿದ್ದರೆ ಮೂವತ್ತು ದಿನದೊಳಗೆ ಅರ್ಜಿ ಕೊಡಬಹುದು. ಅದೇ ಪುಡಿಯ ಎರಡನೇ ಬಾಟಲಿ ಬೀಗದ ಕಪಾಟಿನಲ್ಲಿ ಅರಗಿನ ಮೊಹರಿನೊಳಗೆ ಕೂತಿದೆ, ಅದನ್ನು ಮೇಲಿನ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳಬಹುದು. ಆ ಎರಡನೇ ವರದಿಯೇ ಕೊನೆಯ ಮಾತು. ಅದರಲ್ಲಿ ಬಣ್ಣ ಇಲ್ಲ ಎಂದು ಬಂದರೆ ನನ್ನ ತಂಗಿ ಪಾರು. ಇದೆ ಎಂದು ಬಂದರೆ, ಮೊದಲ ವರದಿಯಲ್ಲಿ ನಾವು ಹುಡುಕಿಟ್ಟ ಲೋಪಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ತಂಗಿ ವರ್ಷಗಟ್ಟಲೆ ಜೈಲಿಗೆ. ಅರ್ಜಿಯನ್ನೇ ಕೊಡದಿದ್ದರೆ ಆ ಲೋಪಗಳನ್ನು ಹಿಡಿದು ಕೋರ್ಟಿನಲ್ಲಿ ಹೋರಾಡಬಹುದು.

ಬಾಗಿಲು ತೆರೆಯಿತು.

ಎಪ್ಪತ್ತೈದರ ಮುದುಕಿ. ನೆಟ್ಟಗೆ, ತೆಳ್ಳಗೆ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ದೊಡ್ಡ ಮೇಡಂ ಅಲ್ವಾ? ಫೋಟೋದಲ್ಲಿ ಇನ್ನೂ ಸ್ವಲ್ಪ ದಪ್ಪ ಇದ್ರಿ.”

“ಯಾವ ಫೋಟೋ, ಅಮ್ಮಾ?”

“ನಿಮ್ಮ ಬೀಳ್ಕೊಡುಗೆ ದಿನದ್ದು. ನನ್ನ ಮಗ ಗೋಡೆಗೆ ಹಾಕಿದಾನೆ. ನಮ್ಮ ಮನೆಯವರ ಫೋಟೋಗಿಂತ ಒಂದು ಮೊಳ ಮೇಲೆ. ಬನ್ನಿ ಒಳಗೆ. ಕಾಲೊರಸಿನ ಮೇಲೆ ಕಾಲಿಡಿ, ಅದಿರೋದೇ ಅದಕ್ಕೆ.”

“ಬಣ್ಣ ಬಿಡಲ್ವಾ?”

“ಒದ್ದೆ ಕಾಲಾದ್ರೆ ಬಿಡುತ್ತೆ. ನಿಮ್ಮ ಕಾಲು ಒಣಗಿದೆ.”

ಆ ಬಣ್ಣ ಬಿಡುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಈ ಮುದುಕಿಯ ಮಗನೇ ನನ್ನ ತಂಗಿಯ ಗಿರಣಿಯಿಂದ ಮಾದರಿ ತೆಗೆದ ಆಹಾರ ಅಧಿಕಾರಿ. ಅವನಿಗೆ ಕೆಲಸ ಕಲಿಸಿದವಳು ನಾನು. ಚಮಚ ಹಿಡಿಯುವುದು, ದಾರ ಸುತ್ತುವುದು, ಅರಗು ಹನಿಸಿ ಮೊಹರು ಒತ್ತುವುದು, ಎಲ್ಲ. ಹೊಳೆಗೆ ಸುರಿದರೂ ಅಳೆದು ಸುರಿ ಎಂದು ಅವನ ತಲೆಗೆ ಮೊಟಕಿ ಹೇಳಿದ್ದೆ.

ಹೋದ ವಾರ ಅವನ ಕಚೇರಿಗೆ ಹೋದಾಗ ಹೊರಗೆ ಯಾರೋ ಅಂಗಳ ತೊಳೆದಿದ್ದರು. ಒದ್ದೆ ಕಾಲಲ್ಲಿ ಅವನ ಮೇಜಿನ ಕೆಳಗಿನ ಕಾಲೊರಸು ತುಳಿದೆ. ಅಂಗಾಲು ಕೆಂಪಾಯಿತು. “ಅಮ್ಮ ಹೆಣೆದದ್ದು ಮೇಡಂ, ಬಣ್ಣಾನೂ ಅವರೇ ಹಾಕೋದು” ಎಂದು ಹೆಮ್ಮೆಯಿಂದ ಹೇಳಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇವನಿಗೆ ಹೆತ್ತವಳ ಕಾಲೊರಸು ಮುದ್ದು. ಅವನು ಫೈಲು ತರಲು ಎದ್ದಾಗ ಮೂಲೆಯಿಂದ ಒಂದು ಎಳೆ ಕಿತ್ತು ಕರವಸ್ತ್ರದಲ್ಲಿ ಸುತ್ತಿಕೊಂಡೆ. ಇವತ್ತು ಮಧ್ಯಾಹ್ನ ನನ್ನ ಹಳೆಯ ಗೆಳತಿ, ರಸಾಯನಶಾಸ್ತ್ರದ ನಿವೃತ್ತ ಟೀಚರು, ಫೋನು ಮಾಡಿ ಹೇಳಿದಳು. ಆ ಎಳೆಯ ಬಣ್ಣವೂ ವರದಿಯಲ್ಲಿರುವ ಬಣ್ಣವೂ ಒಂದೇ.

ನನಗೆ ತಿಳಿಯಬೇಕಾದದ್ದು ತಿಳಿಯಿತು. ಯಾಕೆಂದರೆ ಬಾಟಲಿಗಳ ಗುಟ್ಟು ನನಗೆ ಗೊತ್ತು.

ಮಾದರಿ ತುಂಬುವ ಬಾಟಲಿ ಚೊಕ್ಕಟವಾಗಿ, ಒಣಗಿ ಇರಬೇಕು ಎಂದು ನಿಯಮ. ಸರ್ಕಾರ ಬಾಟಲಿ ಕೊಡುತ್ತದೆ, ತೊಳೆಯುವವರನ್ನು ಕೊಡುವುದಿಲ್ಲ. ಹಾಗಾಗಿ ಎಲ್ಲ ಅಧಿಕಾರಿಗಳೂ ಒಂದೊಂದು ಡಜನ್ ಮನೆಗೆ ಹೊತ್ತೊಯ್ಯುತ್ತಾರೆ. ಅಮ್ಮನೋ ಹೆಂಡತಿಯೋ ತೊಳೆದು, ಕುದಿಸಿ, ಕಿಟಕಿಯ ಮೇಲೆ ಬೋರಲು ಹಾಕುತ್ತಾರೆ. ಇಲಾಖೆಯ ನಮೂನೆಯಲ್ಲಿ ಮಾತ್ರ “ನಾನೇ ಸ್ವತಃ ತೊಳೆದು ಒಣಗಿಸಿದ್ದೇನೆ” ಎಂದು ಸಹಿ. ಮೂವತ್ತೊಂದು ವರ್ಷ ನಾನೂ ಹಾಗೆಯೇ ಬರೆದೆ. ಅದು ಸುಳ್ಳು ಎಂದು ಯಾರಿಗೂ ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ.

ಅಂದರೆ ಬಣ್ಣ ಇದ್ದದ್ದು ತಂಗಿಯ ಪುಡಿಯಲ್ಲಲ್ಲ, ಅಧಿಕಾರಿಯ ಬಾಟಲಿಯಲ್ಲಿ. ಮುದುಕಿ ಬಣ್ಣದ ಪುಡಿ ಇಟ್ಟಿದ್ದ ಬಾಟಲಿ ತಪ್ಪಿ ಮಗನ ಚೀಲ ಸೇರಿದೆ. ಇದು ನನ್ನ ಲೆಕ್ಕ.

ಆದರೆ ಮಾದರಿ ತುಂಬಿದ್ದು ನಾಲ್ಕು ಬಾಟಲಿಗೆ. ಒಂದಕ್ಕೆ ಮಾತ್ರ ಬಣ್ಣ ತಾಗಿದ್ದರೆ ಅದು ಮೊದಲ ಪ್ರಯೋಗಾಲಯಕ್ಕೆ ಹೋಗಿ ಮುಗಿಯಿತು, ಎರಡನೆಯದು ಚೊಕ್ಕ. ಎರಡಕ್ಕೋ ಮೂರಕ್ಕೋ ತಾಗಿದ್ದರೆ? ಹಾಗಾದರೆ ಅರ್ಜಿ ಕೊಡುವುದೆಂದರೆ ತಂಗಿಯ ಕೈಗೆ ನಾನೇ ಬೇಡಿ ತೊಡಿಸಿದ ಹಾಗೆ. ಎಷ್ಟು ಬಾಟಲಿ ಎಂದು ಗೊತ್ತಿದ್ದದ್ದು ಈ ಮುದುಕಿ ಒಬ್ಬರಿಗೆ.

ಅವರು ನನ್ನನ್ನು ಅಡುಗೆಮನೆಗೇ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದರು. ಕಿಟಕಿಯ ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ ಹನ್ನೆರಡು ಬಾಟಲಿ ಬೋರಲು ಹಾಕಿದ್ದರು. ಹೊಸ ಡಜನ್. ಬಿಸಿಲು ಬಿದ್ದು ಮಿಂಚುತ್ತಿದ್ದವು. ನನ್ನ ಕೆಲಸದ ದಿನಗಳಲ್ಲಿ ನಮ್ಮ ಮನೆಯ ಬಾಟಲಿಗಳು ಇಷ್ಟು ಚೆನ್ನಾಗಿ ಬೆಳಗಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು.

“ಚಹಾ ಕುಡೀತೀರಾ?”

“ಹೊತ್ತಿಲ್ಲ ಅಮ್ಮಾ.”

“ಹೊತ್ತಿಲ್ಲದೋರು ಮೂರು ಮಹಡಿ ಹತ್ತಿ ಬರಲ್ಲ.” ಪಾತ್ರೆ ಇಟ್ಟೇಬಿಟ್ಟರು.

ಗಡಿಯಾರದಲ್ಲಿ ಮೂರು ಹದಿನೆಂಟು. ನನ್ನ ಬಲಗಾಲು ತಾನಾಗಿ ಕುಣಿಯತೊಡಗಿತು.

“ಕಾಲೊರಸು ಚೆನ್ನಾಗಿದೆ. ಬಣ್ಣ ಎಲ್ಲಿ ಕಲಸ್ತೀರಿ?”

“ಬಕೆಟ್‌ನಲ್ಲಿ.”

“ಬಣ್ಣದ ಪುಡಿ ಎಲ್ಲಿಡ್ತೀರಿ?”

ಪಾತ್ರೆಗೆ ಸಕ್ಕರೆ ಹಾಕುತ್ತಿದ್ದ ಕೈ ಒಂದು ಕ್ಷಣ ನಿಂತಿತು. “ಪೊಟ್ಟಣದಲ್ಲಿ.”

“ತೋರಿಸ್ತೀರಾ?”

“ಖಾಲಿ ಆಯ್ತು. ಎಸೆದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರ ಕಣ್ಣು ಕಿಟಕಿಯ ಬಾಟಲಿಗಳ ಮೇಲೆ ಹೋಗಿ ಬಂತು. ಇಂಥ ನೋಟವನ್ನು ನಾನು ಸಾವಿರ ಅಂಗಡಿಗಳಲ್ಲಿ ನೋಡಿದ್ದೇನೆ. ಮುಚ್ಚಿಟ್ಟ ಡಬ್ಬಿ ಎಲ್ಲಿದೆಯೆಂದು ಅಂಗಡಿಯವನ ಬಾಯಿ ಹೇಳುವುದಿಲ್ಲ, ಕಣ್ಣು ಹೇಳಿಬಿಡುತ್ತದೆ.

“ಅಮ್ಮಾ, ನಿಮ್ಮ ಹೆಬ್ಬೆರಳಿನ ಉಗುರು ಇನ್ನೂ ಕೆಂಪಗಿದೆ. ಪೊಟ್ಟಣ ಯಾವತ್ತು ಎಸೆದ್ರಿ, ಇವತ್ತೇನಾ?”

ಅವರು ಉಗುರನ್ನು ಸೆರಗಿನೊಳಗೆ ಮುಚ್ಚಿಕೊಳ್ಳಲಿಲ್ಲ. ಒಲೆ ಸಣ್ಣ ಮಾಡಿ ನನ್ನತ್ತ ತಿರುಗಿ ನಿಂತರು.

“ಮೇಡಂ, ಬಳಸಿ ಮಾತಾಡೋ ವಯಸ್ಸು ನಿಮಗೂ ಇಲ್ಲ, ನನಗೂ ಇಲ್ಲ. ನಿಮ್ಮ ತಂಗಿ ಕೇಸಿಗೆ ಬಂದಿದೀರಿ.”

“ಹೌದು.”

“ನನ್ನ ಮಗ ತಪ್ಪು ಮಾಡಿದಾನೆ ಅಂತ ಬರೆಸ್ಕೊಳೋಕೆ ಬಂದಿದೀರಿ.”

“ಅವನ ಮೇಲೆ ದೂರು ಕೊಡೋಕೆ ಬಂದಿಲ್ಲ.”

“ದೂರು ಬೇರೆ ಕೊಡ್ಬೇಕಾ? ನಾನು ಒಂದು ಸಾಲು ಬರೆದ್ರೆ ಸಾಕು, ಅವನ ಕೆಲಸ ಹೋಗುತ್ತೆ. ನಿಮ್ಮ ತಂಗಿ ಉಳೀಬೇಕು, ನನ್ನ ಮಗ ಮುಳುಗ್ಬೇಕು. ಇಷ್ಟೇ ತಾನೇ?”

ನನಗೆ ನಾಚಿಕೆಯಾಯಿತು. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಗೋಡೆಗೆ ನನ್ನ ಫೋಟೋ ಹಾಕಿಕೊಂಡ ಹುಡುಗನ ಅಡುಗೆಮನೆಯಲ್ಲಿ ಕೂತು, ಅವನಿಲ್ಲದ ಹೊತ್ತು ನೋಡಿ, ಅವನ ತಾಯಿಯ ಬಾಯಿಂದಲೇ ಅವನ ಕೆಲಸ ಕಸಿಯಲು ಬಂದಿದ್ದೆ. ಆದರೂ ಎದ್ದು ಹೋಗಲಿಲ್ಲ.

“ಅವಳು ನನಗಿಂತ ಹನ್ನೆರಡು ವರ್ಷ ಚಿಕ್ಕೋಳು, ಅಮ್ಮಾ. ನಮ್ಮಮ್ಮ ಹೋದಾಗ ಅವಳಿಗೆ ಐದು. ಜಡೆ ಹಾಕಿದ್ದು ನಾನು, ಶಾಲೆಗೆ ಕಳಿಸಿದ್ದು ನಾನು. ಗಿರಣಿ ಇಡು ಅಂದಿದ್ದೂ ನಾನೇ. ಅವಳು ಕಲಬೆರಕೆ ಮಾಡೋಳಲ್ಲ.”

“ಆಸ್ಪತ್ರೇಲಿ ಇನ್ನೂ ಮಲಗಿದಾಳಲ್ಲ ಒಬ್ಬಳು, ಅವಳಿಗೂ ಒಬ್ಬ ಅಕ್ಕ ಇರ್ಬೋದು.”

ಚಹಾ ಉಕ್ಕಿತು. ಅವರು ಬಟ್ಟೆಯಲ್ಲಿ ಪಾತ್ರೆ ಹಿಡಿದು ಇಳಿಸಿದರು, ಸೋಸಿದರು, ಎರಡು ಲೋಟಕ್ಕೆ ಹಾಕಿದರು. ಕೆಳಗೆ ಹಾರ್ನ್ ಮತ್ತೆ ಕೂಗಿತು.

“ಯಾರದು, ಎಮ್ಮೆ ಕೂಗಿದ ಹಾಗೆ?”

“ನಮ್ಮವರು. ಕರ್ಕೊಂಡು ಬಂದಿದಾರೆ.”

“ಮೇಲೆ ಕರೀಬಾರ್ದಾ ಪಾಪ.”

“ಬೇಡ. ಅವರು ಬಂದ್ರೆ ಮಾತು ಮುಗಿಯಲ್ಲ.” ಆಮೇಲೆ, ಹೇಳಲೋ ಬೇಡವೋ ಎಂದುಕೊಂಡೇ ಹೇಳಿಬಿಟ್ಟೆ. “ನನ್ನ ಬಾಟಲಿ ತೊಳೀತಾ ಇದ್ದದ್ದು ಅವರೇ. ಮೂವತ್ತೊಂದು ವರ್ಷ. ನಾನೇ ತೊಳೆದೆ ಅಂತ ನಾನು ಸಹಿ ಹಾಕ್ತಿದ್ದೆ.”

ಮುದುಕಿ ಲೋಟ ಕೆಳಗಿಟ್ಟರು. ಭುಜ ಅಲುಗಿತು. ನಗುತ್ತಿದ್ದರು.

“ಗಂಡಸು ತೊಳೆದ ಬಾಟಲೀಲಿ ಮಾದರಿ ಹಿಡಿದು ಅಷ್ಟೊಂದು ಜನರನ್ನ ಕೋರ್ಟು ಹತ್ತಿಸಿದ್ರಾ ತಾಯಿ? ದೇವರು ನಿಮ್ಮನ್ನ ಹೇಗೆ ಬಿಟ್ಟ?”

ನಾನೂ ನಕ್ಕೆ. ಮೂವತ್ತು ದಿನದಲ್ಲಿ ಮೊದಲ ಸಲ. ಮೇಡಂ ಹೋಗಿ ತಾಯಿ ಆಗಿದ್ದೆ, ಅದೂ ಗಮನಕ್ಕೆ ಬಂತು. ಹೊತ್ತು ಮೂರೂವರೆ ದಾಟಿತ್ತು.

“ಅಮ್ಮಾ, ಕೇಳೋದು ಒಂದೇ. ಬಣ್ಣದ ಪುಡಿ ಬಾಟಲೀಲಿ ಇಟ್ಟಿದ್ರಿ ಅಲ್ವಾ? ನಿಮ್ಮ ಮಗನ ಬಾಟಲೀಲಿ.”

ಅವರು ಕಿಟಕಿಯ ಬಾಟಲಿಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪ ಬಿಸಿಲಿನತ್ತ ಸರಿಸಿದರು. ಕಾಯುವುದು ನನ್ನ ಜಾಯಮಾನವಲ್ಲ, ಆದರೂ ನಾಲಿಗೆ ಕಚ್ಚಿ ಕಾದೆ.

“ಇಟ್ಟಿದ್ದೆ,” ಅಂದರು. “ಸರ್ಕಾರಿ ಸಾಮಾನು ಮನೆ ಕೆಲಸಕ್ಕೆ ಬಳಸ್ಬೇಡ ಅಂತ ಅವನು ಬೈದ. ಪೊಟ್ಟಣದಲ್ಲಿ ಇಟ್ರೆ ತೇವ ಹಿಡಿದು ಗಂಟಾಗುತ್ತೆ. ಏನ್ಮಾಡ್ಲಿ?”

“ಎಷ್ಟು ಬಾಟಲಿ?”

“ಒಂದು.”

“ಒಂದೇನಾ? ಯೋಚ್ನೆ ಮಾಡಿ ಹೇಳಿ. ಎರಡಿರಬಹುದಾ?”

“ಎರಡು ಬಾಟಲಿ ಬಣ್ಣ ಇಟ್ಕೊಂಡು ನಾನೇನು ಜಮಖಾನೆ ಕಾರ್ಖಾನೆ ನಡೆಸ್ತೀನಾ? ಒಂದೇ.”

“ಆಮೇಲೆ ತೊಳೆದ್ರಾ ಅದನ್ನ?”

“ಎಷ್ಟು ತೊಳೆದ್ರೂ ಆ ಬಣ್ಣ ಬಾಟಲಿ ಬಿಟ್ಟು ಹೋಗಲ್ಲ. ನೋಡಿ, ನನ್ನ ಉಗುರೇ ಬಿಟ್ಟಿಲ್ಲ.”

ಇಷ್ಟು ಸಾಕಾಗಿತ್ತು. ಒಂದೇ ಬಾಟಲಿ. ಆ ಒಂದು ಮೊದಲ ಪ್ರಯೋಗಾಲಯಕ್ಕೆ ಹೋಗಿದೆ. ಕಪಾಟಿನಲ್ಲಿ ಉಳಿದದ್ದು ಚೊಕ್ಕ. ನನ್ನ ಎದೆಯ ಮೇಲೆ ಮೂವತ್ತು ದಿನದಿಂದ ಕೂತಿದ್ದ ಕಲ್ಲು ಜಾರಿದ ಹಾಗಾಯಿತು. ವಕೀಲರ ನಂಬರು ಎರಡು ಸಲ ತಪ್ಪಿತು.

“ವಕೀಲರೇ, ಎಲ್ಲಿದೀರಿ?”

“ಕೌಂಟರಿನ ಮುಂದೇನೇ. ಹಿಂದಿನೋರು ನೂಕ್ತಿದಾರೆ. ಮೂರು ನಲವತ್ತೊಂದು ಮೇಡಂ.”

“ಕೊಡಿ.”

“ಖಂಡಿತ? ಒಂದು ಸಲ ಕೊಟ್ರೆ ಆಯ್ತು.”

“ಕೊಡಿ ಅಂದೆನಲ್ಲ. ಎರಡನೇ ಬಾಟಲಿ ಹೋಗ್ಲಿ ಮೇಲಕ್ಕೆ. ನನ್ನ ತಂಗಿ ಗೆದ್ದಳು.”

ಫೋನು ಇಟ್ಟು ಚಹಾ ಒಂದೇ ಗುಟುಕಿಗೆ ಕುಡಿದೆ. ನಾಲಿಗೆ ಸುಟ್ಟಿತು, ಅದೂ ಹಿತವಾಗಿತ್ತು. ಬೆಳಿಗ್ಗೆ ಈ ಅರ್ಜಿಗೆ ಸಹಿ ಹಾಕಿಸಲು ಹೋದಾಗ ತಂಗಿ “ಬೇಕೇಬೇಕಾ ಅಕ್ಕಾ?” ಎಂದಿದ್ದಳು. ಹೆದರಿದ್ದಾಳೆ ಎಂದುಕೊಂಡು ಗದರಿಸಿದ್ದೆ. ಅವಳು ಮರುಮಾತಾಡದೆ ಸಹಿ ಹಾಕಿದ್ದಳು. ಸಂಜೆ ಹೋಗಿ ಅವಳನ್ನು ಒಮ್ಮೆ ತಬ್ಬಿಕೊಳ್ಳಬೇಕು ಅನ್ನಿಸಿತು.

ಇನ್ನುಳಿದದ್ದು ಒಂದು ಕಾಗದ. ಚೀಲದಿಂದ ಬಿಳಿ ಹಾಳೆ, ಪೆನ್ನು ತೆಗೆದೆ. ಮಾದರಿ ತೆಗೆದ ದಿನದ ನಮೂನೆಯ ನಕಲನ್ನೂ ಪಕ್ಕಕ್ಕಿಟ್ಟುಕೊಂಡೆ.

“ಅಮ್ಮಾ, ಒಂದು ಮಾತು ಬರೆದು ಕೊಡ್ಬೇಕು. ಅವನ ಕೆಲಸ ಹೋಗದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ. ಮೇಲಿನೋರು ಎಲ್ಲಾ ನನ್ನ ಕೈ ಕೆಳಗೆ ಇದ್ದೋರೇ.”

“ಏನಂತ ಬರೀಲಿ?”

“ಬಣ್ಣ ಇಟ್ಟಿದ್ದ ಬಾಟಲಿ ತಪ್ಪಿ ಮಗನ ಚೀಲಕ್ಕೆ ಹೋಯ್ತು ಅಂತ.”

ಮುದುಕಿ ಕನ್ನಡಕ ತೆಗೆದರು, ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡು ನನ್ನ ಮುಖ ನೋಡಿದರು. ಅವರ ಮುಖದಲ್ಲಿ ನಿಧಾನವಾಗಿ ಏನೋ ಬಿಚ್ಚಿಕೊಳ್ಳುತ್ತಿತ್ತು.

“ಚೀಲಕ್ಕೆ? ಚೀಲಕ್ಕೆಲ್ಲಿ ಹೋಯ್ತು?”

“ಹೋಗಿರ್ಲೇಬೇಕಲ್ಲ.”

“ಇದಕ್ಕಾ ತಾಯಿ ನೀವು ಇಷ್ಟು ಹೊತ್ತು ಒದ್ದಾಡಿದ್ದು?”

ಅವರು ಬಗ್ಗಿ ಸಿಂಕಿನ ಕೆಳಗಿನ ಪರದೆ ಸರಿಸಿದರು. ಸೋಪಿನ ಡಬ್ಬಿ, ಬ್ರಷ್ಷು, ಹಳೆ ಚಿಂದಿಗಳ ಗಂಟು. ಅವುಗಳ ಹಿಂದಿನಿಂದ ಒಂದು ಬಾಟಲಿ ತೆಗೆದು ನನ್ನ ಮುಂದೆ, ಆ ಬಿಳಿ ಹಾಳೆಯ ಮೇಲೇ ಇಟ್ಟರು. ಅರ್ಧದವರೆಗೆ ಕೆಂಪು ಪುಡಿ.

“ಇಲ್ಲೇ ಇದೆ. ಮನೆ ಬಿಟ್ಟು ಒಂದು ದಿನವೂ ಹೋಗಿಲ್ಲ. ಮುಚ್ಚಳ ಸಡಿಲ, ಮೊಹರು ಹಾಕಿದ್ರೆ ನಿಲ್ಲಲ್ಲ ಅಂತ ಅವನೇ ತೆಗೆದಿಟ್ಟಿದ್ದ. ಬೇಡದ ಬಾಟಲಿ ತಾನೇ ಅಂತ ನಾನು ಇಟ್ಕೊಂಡೆ.”

ನಾನು ಬಾಟಲಿ ಎತ್ತಿ ಬುಡ ನೋಡಿದೆ. ಡಬ್ಬದ ಸಂಖ್ಯೆ, ಬಾಟಲಿಯ ಸಂಖ್ಯೆ ಬಿಳಿ ಬಣ್ಣದಲ್ಲಿ ಬರೆದಿರುತ್ತದೆ. ಆ ಪದ್ಧತಿ ತಂದವಳು ನಾನೇ. ಡಬ್ಬ ನಲವತ್ತೊಂದು, ಬಾಟಲಿ ಒಂಬತ್ತು.

ನಮೂನೆಯ ನಕಲು ನೋಡಿದೆ. ನೋಡುವ ಅಗತ್ಯವಿರಲಿಲ್ಲ, ಬಾಯಿಪಾಠವಾಗಿತ್ತು. ತಂಗಿಯ ಗಿರಣಿಯ ಮಾದರಿ: ಡಬ್ಬ ನಲವತ್ತೊಂದು, ಬಾಟಲಿ ಐದು, ಆರು, ಏಳು, ಎಂಟು. ಒಂಬತ್ತರ ಸುದ್ದಿಯೇ ಇಲ್ಲ.

“ಬೇರೆ ಬಾಟಲೀಲಿ ಯಾವತ್ತಾದ್ರೂ…”

“ಇಲ್ಲ.”

“ತೊಳೆಯೋವಾಗ, ಕೈಗೆ ಬಣ್ಣ ಹತ್ತಿದ್ದಾಗ…”

“ತಾಯಿ.” ಅವರು ನನ್ನ ಕೈ ಮೇಲೆ ಕೈ ಇಟ್ಟರು. “ಬಣ್ಣ ಹಾಕೋ ದಿನ ನಾನು ಬಾಟಲಿ ಮುಟ್ಟಲ್ಲ. ಮೂರು ಸಲ ತೊಳೀತೀನಿ, ಒಂದು ಸಲ ಕುದಿ ನೀರಿಗೆ ಹಾಕ್ತೀನಿ. ಮಗ ಬಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡ್ತಾನೆ. ಮೇಡಂ ಹೀಗೇ ಕಲಿಸಿದ್ದು ಅಂತಾನೆ.”

ಅದೇ ಬಣ್ಣ ಎರಡೂ ಕಡೆ ಹೇಗೆ ಬಂತು? ಇದಕ್ಕೆ ಉತ್ತರ ಹುಡುಕಲು ಪತ್ತೇದಾರರೇ ಬೇಕಿರಲಿಲ್ಲ. ಅಗ್ಗದ ಬಟ್ಟೆ ಬಣ್ಣ ಪೇಟೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಮುದುಕಿ ಕಾಲೊರಸಿಗೆಂದು ಕೊಂಡರು. ಇನ್ಯಾರೋ ಇನ್ಯಾವುದಕ್ಕೋ ಕೊಂಡರು. ನನ್ನ ಅಂಗಾಲು ಕೆಂಪಾದ ಕೂಡಲೇ ನಾನು ಕುಣಿದುಬಿಟ್ಟಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಗಂಡಸರಿಗೆ ಮಾತ್ರ ಹೇಳಿದ್ದಲ್ಲ.

ನಾಲ್ಕು ಬಾಟಲಿಯೂ ಚೊಕ್ಕ. ಹಾಗಾದರೆ ಬಣ್ಣ ಪುಡಿಯಲ್ಲೇ ಇತ್ತು.

ವಕೀಲರಿಗೆ ಫೋನು ಮಾಡಿದೆ.

“ಕೊಟ್ರಾ?”

“ಕೊಟ್ಟಾಯ್ತು ಮೇಡಂ. ಮೂರು ನಲವತ್ತಾರಕ್ಕೆ ಠಸ್ಸೆ ಬಿತ್ತು. ಬಾಟಲಿ ನಾಳೆ ಬೆಳಿಗ್ಗೆ ಹೊರಡುತ್ತಂತೆ.”

“ವಾಪಸ್ ತಗೊಳ್ಳಿ.”

“ಏನು?”

“ಅರ್ಜಿ ವಾಪಸ್ ತಗೊಳ್ಳಿ, ವಕೀಲರೇ.”

“ಠಸ್ಸೆ ಬಿದ್ದ ಮೇಲೆ ಅದು ನಮ್ಮದಲ್ಲ ಮೇಡಂ. ಈಗ ಹೋಗಿ ಬೇಡ ಅಂದ್ರೆ, ಆರೋಪಿಗೆ ಹೆದರಿಕೆ ಆಗಿದೆ ಅಂತ ನಾಳೆ ಆ ಕಡೆ ವಕೀಲರು ಕೋರ್ಟಲ್ಲಿ ಡಂಗುರ ಹೊಡೀತಾರೆ. ಏನಾಯ್ತು? ಗೆದ್ವಿ ಅಂದ್ರಲ್ಲ?”

ನಾನು ಫೋನು ಆರಿಸಿದೆ. ಮುದುಕಿ ಬಾಟಲಿಯನ್ನು ಮತ್ತೆ ಪರದೆಯ ಹಿಂದೆ ಇಡುತ್ತಿದ್ದರು. ಮಗ ಉಳಿದ ಸಂತೋಷ ಅವರ ಬೆನ್ನಿನಲ್ಲೇ ಕಾಣುತ್ತಿತ್ತು. ಅವರನ್ನು ಕಂಡು ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

“ಬರ್ತೀನಿ ಅಮ್ಮಾ.”

“ತಂಗೀನ ಬೈಬೇಡಿ,” ಅಂದರು ಬಾಗಿಲವರೆಗೆ ಬಂದು. “ಮೊದಲು ಉಣ್ಣಿಸಿ, ಆಮೇಲೆ ಕೇಳಿ.”

ಮೆಟ್ಟಿಲ ತಿರುವಿನಲ್ಲಿ ನಿಂತೆ. ಗೋಡೆಗೆ ಒರಗಿ ತಂಗಿಯ ನಂಬರು ಒತ್ತಿದೆ. ಮೊದಲ ಗಂಟೆಗೇ ಎತ್ತಿದಳು.

“ಹೇಳು ಅಕ್ಕಾ.”

“ಅರ್ಜಿ ಕೊಟ್ಟಾಯ್ತು.”

“ಸರಿ.”

“ಅಧಿಕಾರಿ ಮನೇಗೆ ಬಂದಿದೀನಿ. ಬಾಟಲಿಗಳು ಚೊಕ್ಕ ಇದ್ವು. ನಾಲ್ಕೂ. ಅಧಿಕಾರಿ ತಪ್ಪು ಮಾಡಿಲ್ಲ.”

ಗಿರಣಿಗೆ ಬೀಗ ಬಿದ್ದ ಮೇಲೆ ಅವಳ ಮನೆಯಲ್ಲಿ ಎಂಥದೂ ಸದ್ದಿಲ್ಲ. ಮೊದಲಾದರೆ ಫೋನಿನಲ್ಲಿ ಅವಳ ಮಾತಿಗಿಂತ ಯಂತ್ರದ ಮಾತೇ ಹೆಚ್ಚು ಕೇಳುತ್ತಿತ್ತು.

“ನಿನಗೆ ಗೊತ್ತಿತ್ತಾ?” ಎಂದೆ.

“ಮೂವತ್ತು ದಿನ ಅಕ್ಕಾ,” ಅಂದಳು. ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ, ದಣಿದಿದ್ದಳು. “ನೀನು ಅಧಿಕಾರೀನ ಕೇಳಿದೆ, ವಕೀಲರನ್ನ ಕೇಳಿದೆ, ಮೂಟೆ ಹೊರೋರನ್ನ ಕೇಳಿದೆ, ಪಕ್ಕದ ಅಂಗಡಿಯೋರನ್ನ ಕೇಳಿದೆ. ಅಧಿಕಾರಿ ತಾಯೀನೂ ಕೇಳಿದೆ ಅನ್ಸುತ್ತೆ ಈಗ. ನನ್ನನ್ನ ಮಾತ್ರ ಒಂದು ಸಲಾನೂ ಕೇಳ್ಲಿಲ್ಲ ನೀನು.”

ನಿಜ. ಕೇಳಿರಲಿಲ್ಲ. ಯಾವ ಕೇಸಿನಲ್ಲೂ ಮೊದಲ ಪ್ರಶ್ನೆ ಅಂಗಡಿಯ ಯಜಮಾನನಿಗೆ ಎಂದು ಹತ್ತಾರು ಹುಡುಗರಿಗೆ ಪಾಠ ಹೇಳಿದ ನಾನು, ಅವಳನ್ನು ಮಾತ್ರ ಕೇಳಿರಲಿಲ್ಲ. ನಂಬಿಕೆಯಿಂದಲೇ ಕೇಳಲಿಲ್ಲ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ಉತ್ತರ ಏನು ಬರುತ್ತದೋ ಎಂಬ ಹೆದರಿಕೆಯಿಂದ ಕೇಳಿರಲಿಲ್ಲ.

“ಈಗ ಕೇಳ್ತಿದೀನಿ. ನೀನು ಬೆರೆಸಿದ್ಯಾ?”

“ಇಲ್ಲ.”

ಕಣ್ಣಿಗೆ ನೀರು ಬಂತು. ಆ ಒಂದು ಮಾತನ್ನು ನಾನು ಪೂರ್ತಿ ನಂಬಿದೆ.

“ಮತ್ತೆ ಯಾರು? ಗೊತ್ತಿದ್ರೆ ಹೇಳೇ, ಪುಣ್ಯಾತ್ಗಿತ್ತಿ. ಬಾಟಲಿ ನಾಳೆ ಹೋಗುತ್ತೆ. ಅದರ ವರದಿ ಬರೋದ್ರೊಳಗೆ ಹೇಳಿದ್ರೆ ಮಾತ್ರ ನಿನ್ನ ಉಳಿಸ್ಕೋಬಹುದು.”

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು.

“ನೀನು ಯಾರ ಜೊತೆ ಹೋಗಿದೀಯ ಅಲ್ಲಿಗೆ?”

“ನಿಮ್ಮ ಭಾವನ ಜೊತೆ. ಕೆಳಗೆ ಕಾಯ್ತಿದಾರೆ. ಯಾಕೆ?”

“ಅವರ ಜೊತೆ ಬರ್ಬೇಡ. ಬಸ್ ಹಿಡ್ಕೊಂಡು ಬಾ. ಒಬ್ಬಳೇ ಬಾ ಅಕ್ಕಾ.”

ಫೋನು ಕಟ್ ಆಯಿತು.

ನಿವೃತ್ತಿಯ ಬೇಸರ ಕಳೆಯಲಿ ಎಂದು, ಹೋದ ವರ್ಷದಿಂದ ತಂಗಿಯ ಗಿರಣಿಗೆ ಸಗಟು ಮಾರುಕಟ್ಟೆಯಿಂದ ಮೆಣಸಿನಕಾಯಿ ಮೂಟೆ ತರುತ್ತಿದ್ದವರು ನಮ್ಮವರು. ಆ ಕೆಲಸ ಕೊಡಿಸಿದ್ದೂ ನಾನೇ. ಅದರಾಚೆ ಯೋಚಿಸಲು ಮನಸ್ಸು ಒಪ್ಪಲಿಲ್ಲ. ಒಪ್ಪದಿದ್ದರೂ ಅದು ಯೋಚಿಸುತ್ತಲೇ ಇತ್ತು.

ಕೆಳಗಿನಿಂದ ಹೆಜ್ಜೆ ಸದ್ದು ಬಂತು. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುವ ಹೆಜ್ಜೆ, ಅರವತ್ತೈದರಲ್ಲೂ ಹಾಗೆ ಹತ್ತುವವರು ಒಬ್ಬರೇ. ತಿರುವಿನಲ್ಲಿ ಅವರ ಮುಖ ಕಾಣಿಸಿತು. ಬೆವರಿತ್ತು.

“ಏನ್ ಸಾಹೇಬ್ರೇ, ಎಷ್ಟು ಹೊತ್ತು? ಅರ್ಜಿ ಕೊಟ್ಟುಬಿಟ್ರಾ?”

ಮೂವತ್ತೈದು ವರ್ಷದ ಸಂಸಾರದಲ್ಲಿ ಅವರಿಗೆ ನಾನು ಸುಳ್ಳು ಹೇಳಿದ್ದಿಲ್ಲ. ಅವರ ಕಣ್ಣನ್ನೇ ನೋಡುತ್ತಾ ಹೇಳಿದೆ.

“ಇಲ್ಲ ರೀ. ಕೊಡ್ಲಿಲ್ಲ. ಎರಡನೇ ಬಾಟಲಿ ಎಲ್ಲೂ ಹೋಗಲ್ಲ.”

ನಮ್ಮವರು ಕೈಕಂಬಿ ಹಿಡಿದು ಮೆಟ್ಟಿಲ ಮೇಲೆ ಕುಸಿದು ಕೂತರು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ನಕ್ಕರು, ಎಷ್ಟೋ ದಿನದಿಂದ ಕಾಣದ ನಗು.

“ಒಳ್ಳೇದಾಯ್ತು ಬಿಡು,” ಎಂದರು.